ಸೇರು ಅಂದಮಾತ್ರಕ್ಕೆ ಅಳತೆ ಒಂದೇ ಅಲ್ಲ

ತಿಪಟೂರಿನಿಂದ ನೀನು ಕಳಿಸಿದ ಪ್ರಶ್ನೆ ಓದಿ ನಗು ಬಂತು ತಂಗಿ. ನಿನ್ನನ್ನು ಕಂಡಲ್ಲ, ಹದಿನಾಲ್ಕು ವರ್ಷದ ಹಿಂದೆ ಗುಬ್ಬಿಯಿಂದ ಸ್ಟುಟ್‌ಗಾರ್ಟಿಗೆ ಬಂದಿಳಿದ ನನ್ನನ್ನು ನೆನೆದು. "ವಿಟಿಯುನಲ್ಲಿ ನಾಲ್ಕು ವರ್ಷಕ್ಕೆ 160 ಕ್ರೆಡಿಟ್. ಜರ್ಮನಿಯವರು ಮಾಸ್ಟರ್ಸ್‌ಗೆ ಸೇರಲು 180 ಕೇಳುತ್ತಾರೆ. 20 ಕಡಿಮೆ ಬಿತ್ತಲ್ಲ ಅಣ್ಣಾ, ಅರ್ಜಿ ಹಾಕಲೋ ಬೇಡವೋ?" ಎಂದಿದ್ದೀಯೆ. ಹಾಕು. ಕಡಿಮೆ ಬಿದ್ದಿಲ್ಲ.

ಮನೆಯಲ್ಲಿ ಅಜ್ಜಿಯನ್ನು ಕೇಳು, ಹಿಂದೆ ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡಿದ್ದವು. ಯಾವ ಸೇರೆಂದು ಕೇಳದೆ ರಾಗಿ ಅಳೆಸಿಕೊಂಡವರು ಕೆಟ್ಟರು. ಕ್ರೆಡಿಟ್ಟಿನ ಕಥೆಯೂ ಅದೇ. ನಮ್ಮಲ್ಲಿ ವಾರಕ್ಕೆ ಒಂದು ಗಂಟೆ ಪಾಠವಿದ್ದರೆ ಒಂದು ಕ್ರೆಡಿಟ್, ಲ್ಯಾಬ್ ಆದರೆ ಎರಡು ಗಂಟೆಗೆ ಒಂದು. ಅದು ತರಗತಿಯ ಗಡಿಯಾರದ ಲೆಕ್ಕ. ಯುರೋಪಿನ ಕ್ರೆಡಿಟ್ ಪದ್ಧತಿಯಾದ ಇಸಿಟಿಎಸ್ ಅಳೆಯುವುದು ವಿದ್ಯಾರ್ಥಿಯ ಶ್ರಮವನ್ನು: ಪಾಠ ಕೇಳಿದ್ದು, ಮನೆಯಲ್ಲಿ ಓದಿದ್ದು, ವರದಿ ಬರೆದದ್ದು, ಪರೀಕ್ಷೆಗೆ ಸಿದ್ಧವಾದದ್ದು ಎಲ್ಲವೂ ಸೇರಿ. ಜರ್ಮನಿಯಲ್ಲಿ ಒಂದು ಕ್ರೆಡಿಟ್ ಎಂದರೆ ಸಾಮಾನ್ಯವಾಗಿ 30 ಗಂಟೆ. ಒಂದು ವರ್ಷದ ಪೂರ್ಣ ಓದು 60 ಕ್ರೆಡಿಟ್. ಹಾಗೆ ನೋಡಿದರೆ ನಿನ್ನ ನಾಲ್ಕು ವರ್ಷ 240ರ ಸಮಕ್ಕೆ ಬರುತ್ತದೆ, 4 ಕ್ರೆಡಿಟ್ಟಿನ ವಿಷಯ ಇಲ್ಲಿ ಸುಮಾರು 6.

ಆದರೆ ಅರ್ಜಿಯಲ್ಲಿ ನೀನಾಗಿಯೇ 240 ಎಂದು ಬರೆಯಬೇಡ. ಅಂಕಪಟ್ಟಿಯಲ್ಲಿರುವ ಸಂಖ್ಯೆಯನ್ನೇ ಕೊಡು. ಪರಿವರ್ತನೆ ಕೇಳಿದರೆ ಮಾತ್ರ ಲೆಕ್ಕ ಬಿಡಿಸಿ ತೋರಿಸು. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ಎಷ್ಟೋ ಕಡೆ ಒಟ್ಟು ಸಂಖ್ಯೆಯ ಜೊತೆಗೆ ಗಣಿತ ಎಷ್ಟು ಓದಿದ್ದಾಳೆ, ಪ್ರೋಗ್ರಾಮಿಂಗ್ ಎಷ್ಟು ಎಂದು ವಿಷಯವಾರು ನೋಡುತ್ತಾರೆ. ಆದ್ದರಿಂದ ಎಂಟೂ ಸೆಮಿಸ್ಟರಿನ ಸಿಲಬಸ್ಸಿಗೆ ಈಗಲೇ ಕಾಲೇಜಿನ ಮೊಹರು ಹಾಕಿಸಿಕೋ. ಇಲ್ಲಿಂದ ಫೋನ್ ಮಾಡಿ ಅದನ್ನು ತರಿಸುವುದು ಸುಲಭದ ಕೆಲಸವಲ್ಲ.

ಇಂಗ್ಲೆಂಡಿಗೆ ಹೋದ ನಿನ್ನ ಗೆಳತಿ ಒಂದೇ ವರ್ಷಕ್ಕೆ 180 ಕ್ರೆಡಿಟ್ಟಿನ ಮಾಸ್ಟರ್ಸ್ ಮುಗಿಸುತ್ತಾಳೆ, ಇಲ್ಲಿ 120ಕ್ಕೆ ಎರಡು ವರ್ಷ ಏಕೆ ಎಂದೂ ಕೇಳಿದ್ದೀಯೆ. ಅವರ ಎರಡು ಕ್ರೆಡಿಟ್ ಇಲ್ಲಿನ ಒಂದಕ್ಕೆ ಸಮ. ಅವಳ 180 ಇಲ್ಲಿ 90. ಅವಳು 'ಕೋರ್ಸ್' ಎಂದರೆ ಇಡೀ ಪದವಿ. ಅಮೆರಿಕದಲ್ಲಿರುವವರು ಹಾಗೆಂದರೆ ಒಂದೇ ಒಂದು ವಿಷಯ. ಇಲ್ಲಿ ಆ ಒಂದು ವಿಷಯಕ್ಕೆ ಮಾಡ್ಯೂಲ್ ಎನ್ನುತ್ತಾರೆ.

ನಾನು ಮುಗ್ಗರಿಸಿದ್ದು ಬೇರೆ ಕಡೆ. ಬಂದ ಹೊಸದರಲ್ಲಿ ವೇಳಾಪಟ್ಟಿ ನೋಡಿದರೆ ವಾರದಲ್ಲಿ ಎರಡು ದಿನ ಖಾಲಿ. ಇಷ್ಟೇ ತಾನೇ ಎಂದು ಏಳು ಮಾಡ್ಯೂಲ್ ಹಿಡಿದೆ, 42 ಕ್ರೆಡಿಟ್. ಆ ಖಾಲಿ ದಿನಗಳೂ ಕ್ರೆಡಿಟ್ಟಿನೊಳಗೇ ಸೇರಿವೆ ಎಂದು ತಿಳಿಯುವ ಹೊತ್ತಿಗೆ ಎರಡರಲ್ಲಿ ಫೇಲಾಗಿದ್ದೆ. ನಮ್ಮ ಬ್ಯಾಕ್‌ಲಾಗ್‌ನಂತೆ ಮುಂದೆ ನೋಡಿಕೊಳ್ಳೋಣ ಎನ್ನುವಂತೆಯೂ ಇರಲಿಲ್ಲ. ಇಲ್ಲಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಒಂದು ಪರೀಕ್ಷೆಗೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರೂ ಹೋದರೆ ಆ ಪದವಿಯ ಆಸೆಯನ್ನೇ ಬಿಡಬೇಕಾಗುತ್ತದೆ. ಎರಡನೇ ಸಲಕ್ಕೆ ಪಾರಾದೆ. ನೀನು ಮೊದಲ ಸೆಮಿಸ್ಟರಿಗೆ 30 ಮೀರಬೇಡ. ಜೊತೆಗೆ ಕೆಲಸವನ್ನೂ ಹುಡುಕುವುದಾದರೆ 24 ಸಾಕು.

ಇನ್ನು ನಿನ್ನ 8.2 ಸಿಜಿಪಿಎ. ಗರಿಷ್ಠ 10, ಪಾಸಿಗೆ 4 ಎಂದು ಹಿಡಿದರೆ ಇಲ್ಲಿನ ಸೂತ್ರದಲ್ಲಿ ಅದು 1.9 ಆಗುತ್ತದೆ, ಪಾಸಿಗೆ 5 ಎಂದು ಹಿಡಿದರೆ ಸುಮಾರು 2.1. ಇಲ್ಲಿ 1.0 ಅತ್ಯುತ್ತಮ, 4.0 ದಾಟಿದರೆ ಫೇಲು. ಇದನ್ನು ನಿಮ್ಮ ತಂದೆಯವರಿಗೆ ಈಗಲೇ ಹೇಳಿಡು. ನನ್ನ ಮೊದಲ ಫಲಿತಾಂಶ 1.7 ಎಂದು ಕೇಳಿದ ನಮ್ಮಪ್ಪ ಎರಡು ದಿನ ಯಾರ ಹತ್ತಿರವೂ ಮಾತನಾಡಿರಲಿಲ್ಲ.