ಪ್ರಾಕ್ಟೀಸ್ ಇನ್‌ಸ್ಟ್ರುಮೆಂಟ್ ಅಪ್ರೋಚ್ ಮಾಡುವಾಗ ಏರ್ ಟ್ರಾಫಿಕ್ ಕಂಟ್ರೋಲ್ ಜೊತೆ ಹೇಗೆ ಮಾತಾಡಬೇಕು?

ಬದಿಯಡ್ಕದಿಂದ ಹೋಗಿ ಅಮೆರಿಕದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್ ಮುಗಿಸಿದ್ದೀರಿ. ಈಗ ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಹೊರಗೆ ಕಾಣದಾಗಲೂ ಉಪಕರಣ ನೋಡಿ ಹಾರಿಸುವ ಅರ್ಹತೆ, ಅದಕ್ಕೆ ಕಲಿಯುತ್ತಿದ್ದೀರಿ. ಹಾರಿಸಲು ಭಯ ಇಲ್ಲ, ಪ್ರಾಕ್ಟೀಸ್ ಅಪ್ರೋಚ್ (ಉಪಕರಣ ನೋಡಿಕೊಂಡು ರನ್‌ವೇ ಕಡೆಗೆ ಇಳಿದು ಬರುವ ಅಭ್ಯಾಸ) ಕೇಳಲು ಮೈಕ್ ಒತ್ತಿದಾಗ ಮಾತ್ರ ಬಾಯಿ ಒಣಗುತ್ತದೆ ಅಂತ ಬರೆದಿದ್ದೀರಿ. ದೊಡ್ಡ ವಿಮಾನಗಳ ಮಧ್ಯೆ ನಾವು ಕೇಳಿದರೆ ಕಂಟ್ರೋಲರ್‌ಗೆ ಕಿರಿಕಿರಿ ಆಗುತ್ತಾ, ಏನು ಹೇಳಬೇಕು, ನಮ್ಮ ಉಚ್ಚಾರ ಅವರಿಗೆ ತಿಳಿಯುತ್ತಾ, ಊರಿಗೆ ಬಂದ ಮೇಲೂ ಇದೇ ಕ್ರಮವಾ? ಇಷ್ಟು ನಿಮ್ಮ ಪ್ರಶ್ನೆ.

ನಾನು ಕುಂಬಳೆಯವನು. ಹಲವು ವರ್ಷ ಅಮೆರಿಕದಲ್ಲಿ ಕೆಲಸದಲ್ಲಿದ್ದೆ. ಅಲ್ಲೇ ಪ್ರೈವೇಟ್ ಲೈಸೆನ್ಸ್, ಆಮೇಲೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಮಾಡಿಕೊಂಡೆ. ಈಗ ಊರಲ್ಲಿದ್ದೇನೆ. ಅಲ್ಲಿಯದ್ದನ್ನು ಮೊದಲು ಹೇಳುತ್ತೇನೆ, ಇಲ್ಲಿಯದ್ದನ್ನು ಕೊನೆಗೆ.

ಕಿರಿಕಿರಿ ಆಗುವುದಿಲ್ಲ. ಪ್ರಾಕ್ಟೀಸ್ ಅಪ್ರೋಚ್ ಕೇಳುವವರು ಅವರಿಗೆ ದಿನಾ ಬರುವವರು. ರೇಟಿಂಗ್ ಸಿಕ್ಕವರೂ ಮೋಡದೊಳಗೆ ಹಾರಿಸುವ ಅರ್ಹತೆ ಉಳಿಯಬೇಕಾದರೆ ಹಿಂದಿನ 6 ತಿಂಗಳಲ್ಲಿ 6 ಅಪ್ರೋಚ್ ಮಾಡಿರಬೇಕು, ಜೊತೆಗೆ ಹೋಲ್ಡಿಂಗ್ (ಒಂದು ಕಡೆ ಸುತ್ತು ಹಾಕುತ್ತ ಕಾಯುವುದು) ಕೂಡ ಮಾಡಿರಬೇಕು. ಹಾಗಾಗಿ ಕಲಿಯುವವರು, ಕಲಿತವರು ಎಲ್ಲರೂ ಕೇಳುತ್ತಾರೆ. ಅವರಿಗೆ ಕಷ್ಟ ಆಗುವುದು ಬೇರೆ ಕಾರಣಕ್ಕೆ. ಅಪ್ರೋಚ್ ಮುಗಿದ ಮೇಲೆ ನೀವು ಏನು ಮಾಡುತ್ತೀರಿ ಅನ್ನುವುದು ಗೊತ್ತಿಲ್ಲದಿದ್ದರೆ ಅವರ ಲೆಕ್ಕ ಕೂಡುವುದಿಲ್ಲ. ನೀವು 90 ನಾಟ್‌ನಲ್ಲಿ ಬರುತ್ತಿದ್ದೀರಿ, ಹಿಂದೆ ಒಂದು ಜೆಟ್ 140 ನಾಟ್‌ನಲ್ಲಿ ಬರುತ್ತಿದೆ. ನೀವು ಇಳಿದು ನಿಲ್ಲುತ್ತೀರಾ? ಚಕ್ರ ತಾಗಿಸಿ ಮತ್ತೆ ಏಳುತ್ತೀರಾ? ರನ್‌ವೇ ಮುಟ್ಟದೆ ಮೇಲೇರುತ್ತೀರಾ? ಏರಿದ ಮೇಲೆ ಯಾವ ಕಡೆ ಹೋಗುತ್ತೀರಿ? ಇದು ತಿಳಿದರೆ ಮಾತ್ರ ಆ ಜೆಟ್‌ಗೆ ಎಷ್ಟು ಜಾಗ ಬಿಡಬೇಕು ಅಂತ ಅವರು ಹೇಳಬಹುದು.

ಅದಕ್ಕೆ ನಾನು ಎಲ್ಲರಿಗೂ ಹೇಳುವುದು ಒಂದೇ. ಅಪ್ರೋಚ್ ಹೇಗೆ ಮುಗಿಯುತ್ತದೆ ಅಂತ ಮೊದಲು ನಿರ್ಧಾರ ಮಾಡಿ, ಆಮೇಲೆ ಮೈಕ್ ಒತ್ತಿ. ಬಾಯಿ ಒಣಗುವುದು ಇಂಗ್ಲಿಷ್ ಬರದೆ ಅಲ್ಲ, ಮುಂದೆ ಏನು ಅಂತ ನಮಗೇ ಖಚಿತ ಇಲ್ಲದೆ.

ಫ್ರೀಕ್ವೆನ್ಸಿಯಲ್ಲಿ ಮಾತು ಜಾಸ್ತಿ ಇದ್ದರೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಬೇಡಿ. ಪೂರ್ತಿ ಕಾಲ್ ಸೈನ್ (ರೇಡಿಯೋದಲ್ಲಿ ನಿಮ್ಮ ವಿಮಾನದ ಹೆಸರು) ಹೇಳಿ, ‘ವಿಎಫ್‌ಆರ್ ರಿಕ್ವೆಸ್ಟ್’ ಅಂದು ಸುಮ್ನೆ ಕಾಯಿರಿ. ವಿಎಫ್‌ಆರ್ ಅಂದರೆ ಹೊರಗೆ ಕಣ್ಣಿಂದ ನೋಡಿ ಹಾರಿಸುವ ನಿಯಮ, ಐಎಫ್‌ಆರ್ ಅಂದರೆ ಉಪಕರಣ ನೋಡಿ ಹಾರಿಸುವ ನಿಯಮ. ಅವರು ಕೇಳಿದ ಮೇಲೆ ಹೀಗೆ: ‘ಟೆನ್ ಮೈಲ್ಸ್ ಸೌತ್, ತ್ರೀ ಥೌಸಂಡ್ ಫೈವ್ ಹಂಡ್ರೆಡ್, ಇನ್ಫರ್ಮೇಷನ್ ಡೆಲ್ಟಾ, ರಿಕ್ವೆಸ್ಟ್ ವೆಕ್ಟರ್ಸ್ ಫಾರ್ ಪ್ರಾಕ್ಟೀಸ್ ಐಎಲ್‌ಎಸ್ ರನ್‌ವೇ ತ್ರೀ ಝೀರೋ, ಲೋ ಅಪ್ರೋಚ್, ದೆನ್ ವಿಎಫ್‌ಆರ್ ಟು ದ ಸೌತ್.’ ಎಲ್ಲಿದ್ದೀರಿ, ಎಷ್ಟು ಎತ್ತರ, ಏನು ಬೇಕು, ಹೇಗೆ ಮುಗಿಸುತ್ತೀರಿ, ಆಮೇಲೆ ಎಲ್ಲಿಗೆ, ಎಲ್ಲವೂ ಬಂತು. ‘ಇನ್ಫರ್ಮೇಷನ್ ಡೆಲ್ಟಾ’ ಅಂದರೆ ನಿಲ್ದಾಣದ ಹವಾಮಾನದ ಪ್ರಕಟಣೆ ಕೇಳಿದ್ದೀರಿ ಅಂತ, ವೆಕ್ಟರ್ ಅಂದರೆ ಕಂಟ್ರೋಲರ್ ಹೇಳುವ ದಿಕ್ಕು, ಐಎಲ್‌ಎಸ್ ಅಂದರೆ ರನ್‌ವೇಗೆ ದಾರಿ ತೋರಿಸುವ ರೇಡಿಯೋ ವ್ಯವಸ್ಥೆ, ಲೋ ಅಪ್ರೋಚ್ ಅಂದರೆ ರನ್‌ವೇ ಮುಟ್ಟದೆ ಮೇಲೇರುವುದು. ‘ಪ್ರಾಕ್ಟೀಸ್’ ಅನ್ನುವ ಪದ ಬಿಡಬೇಡಿ. ಅದಿಲ್ಲದಿದ್ದರೆ ನಿಮಗೆ ನಿಜವಾಗಿ ಇನ್‌ಸ್ಟ್ರುಮೆಂಟ್ ಕ್ಲಿಯರೆನ್ಸ್ ಬೇಕಾ ಅಂತ ಅವರು ಮತ್ತೆ ಕೇಳಬೇಕಾಗುತ್ತದೆ.

ಇನ್ನು ಕಂಟ್ರೋಲರ್ ಹೇಳುವ ‘ಮೇಂಟೇನ್ ವಿಎಫ್‌ಆರ್’. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಹೊಸಬರು ಇದನ್ನು ಬರಿಯ ವಾಡಿಕೆ ಮಾತು ಅಂದುಕೊಂಡು ರೀಡ್‌ಬ್ಯಾಕ್ ಮಾಡಿ (ಕೇಳಿದ್ದನ್ನು ತಿರುಗಿ ಹೇಳಿ) ಮರೆತುಬಿಡುತ್ತಾರೆ. ಐಎಫ್‌ಆರ್ ಪ್ಲಾನ್ ಹಾಕದೆ ಪ್ರಾಕ್ಟೀಸ್ ಮಾಡುವಾಗ ಮೋಡದಿಂದ ದೂರ ಇರುವುದು ನಿಮ್ಮ ಕೆಲಸ, ಕಂಟ್ರೋಲರ್‌ದಲ್ಲ. ಅವರ ಸ್ಕ್ರೀನಿನಲ್ಲಿ ವಿಮಾನ ಕಾಣುತ್ತದೆ, ನಿಮ್ಮ ಮೂಗಿನ ಮುಂದಿನ ಮೋಡ ಹಾಗೆ ಕಾಣುವುದಿಲ್ಲ. ನೀವು ಸಾಮಾನ್ಯವಾಗಿ ಹಾರಿಸುವ ವಾಯುಪ್ರದೇಶದಲ್ಲಿ 10,000 ಅಡಿಯ ಕೆಳಗೆ 3 ಮೈಲಿ ದೃಷ್ಟಿ ಬೇಕು. ಮೋಡದ ಕೆಳಗಿದ್ದರೆ 500 ಅಡಿ, ಮೇಲಿದ್ದರೆ 1,000 ಅಡಿ, ಪಕ್ಕಕ್ಕೆ 2,000 ಅಡಿ ಅಂತರ ಬೇಕು. ಕೊಟ್ಟ ಹೆಡಿಂಗ್ (ಹಾರಬೇಕಾದ ದಿಕ್ಕು) ನಿಮ್ಮನ್ನು ಮೋಡದ ಕಡೆಗೆ ಒಯ್ಯುತ್ತಿದ್ದರೆ ‘ಅನೇಬಲ್ ಡ್ಯೂ ಟು ಕ್ಲೌಡ್’ ಅನ್ನಿ. ಬೇರೆ ಹೆಡಿಂಗ್ ಕೊಡುತ್ತಾರೆ. ನಮ್ಮ ಕಡೆಯವರಿಗೆ ಅಧಿಕಾರಿಗೆ ಆಗುವುದಿಲ್ಲ ಅನ್ನಲು ಸಂಕೋಚ. ದಯವಿಟ್ಟು ಆ ಸಂಕೋಚವನ್ನು ಕಾಕ್‌ಪಿಟ್‌ಗೆ ತರಬೇಡಿ. ‘ಅನೇಬಲ್’ ಅನ್ನುವುದು ಎದುರುತ್ತರ ಅಲ್ಲ, ಅವರಿಗೆ ಬೇಕಾದ ಮಾಹಿತಿ.

ಇದರ ಜೊತೆ ಕಿವಿಗೊಟ್ಟು ಕೇಳಬೇಕಾದ ಇನ್ನೊಂದು ಮಾತಿದೆ. ಕೆಲವು ಕಡೆ ಪ್ರಾಕ್ಟೀಸ್ ಮಾಡುವವರಿಗೂ ಉಳಿದ ವಿಮಾನಗಳಿಂದ ಅಂತರ ಕೊಡುತ್ತಾರೆ, ಅದೂ ಮೇಲೆ ಕೆಳಗೆ 500 ಅಡಿ ಇದ್ದರೆ ಸಾಕು. ಕೆಲವು ಕಡೆ ‘ನೋ ಸೆಪರೇಷನ್ ಸರ್ವಿಸಸ್ ಪ್ರೊವೈಡೆಡ್’ ಅಂತ ಹೇಳಿಬಿಡುತ್ತಾರೆ. ಎರಡರಲ್ಲೂ ಹೊರಗೆ ನೋಡುತ್ತಿರಬೇಕು. ಎರಡನೆಯದರಲ್ಲಿ ನಿಮ್ಮ ಕಣ್ಣೇ ಎಲ್ಲ.

ಕಣ್ಣು ಅಂದೆ, ಆದರೆ ನಿಮ್ಮ ಕಣ್ಣಿಗೆ ಫಾಗಲ್ಸ್, ಅಂದರೆ ಹೊರಗಿನದ್ದನ್ನು ಮರೆಮಾಡುವ ಕನ್ನಡಕ, ಇರುತ್ತದೆ, ಅಲ್ವಾ? ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಅಥವಾ ಸೇಫ್ಟಿ ಪೈಲಟ್ ಇರಲೇಬೇಕು ಅನ್ನುವ ನಿಯಮ ಇರುವುದು ಇದಕ್ಕೇ. ಗೆಳೆಯನನ್ನು ಕೂರಿಸಿಕೊಂಡು ಹೋಗುವಾಗ ಎಂಜಿನ್ ಶುರು ಮಾಡುವ ಮೊದಲೇ ಮಾತಾಡಿಕೊಳ್ಳಿ, ರೇಡಿಯೋ ಯಾರದ್ದು, ಹೊರಗೆ ನೋಡುವವರು ಯಾರು ಅಂತ. ‘ಟ್ರಾಫಿಕ್, ಟೂ ಓ ಕ್ಲಾಕ್, ತ್ರೀ ಮೈಲ್ಸ್’ ಅಂತ ಬಂದಾಗ ಫಾಗಲ್ಸ್ ಹಾಕಿದ ನೀವು ‘ಲುಕಿಂಗ್’ ಅಂದರೆ ಅದಕ್ಕೆ ಅರ್ಥ ಇಲ್ಲ. ಅವನು ನೋಡಿ ‘ಕಾಣುತ್ತಿದೆ’ ಅಂದ ಮೇಲೆ ಮಾತ್ರ ‘ಟ್ರಾಫಿಕ್ ಇನ್ ಸೈಟ್’. ಕಾಣದಿದ್ದರೆ ‘ನೆಗೆಟಿವ್ ಕಾಂಟ್ಯಾಕ್ಟ್’. ಕಂಡಿದೆ ಅಂತ ಸುಮ್ನೆ ಹೇಳಿದರೆ ಕಂಟ್ರೋಲರ್ ಆ ವಿಮಾನವನ್ನು ನಿಮ್ಮ ಜವಾಬ್ದಾರಿಗೆ ಬಿಟ್ಟುಬಿಡಬಹುದು.

ಈಗ ಅಪ್ರೋಚ್ ಕ್ಲಿಯರೆನ್ಸ್. ವೇಗವಾಗಿ ಬರುವುದು ಇದೇ: ‘ಫೈವ್ ಮೈಲ್ಸ್ ಫ್ರಮ್’ ಇಂಥ ಫಿಕ್ಸ್ (ಚಾರ್ಟಿನಲ್ಲಿ ಹೆಸರಿಟ್ಟ ಜಾಗ), ‘ಟರ್ನ್ ಲೆಫ್ಟ್ ಹೆಡಿಂಗ್ ತ್ರೀ ತ್ರೀ ಝೀರೋ, ಮೇಂಟೇನ್ ಟೂ ಥೌಸಂಡ್ ಅಂಟಿಲ್ ಎಸ್ಟಾಬ್ಲಿಷ್ಡ್, ಕ್ಲಿಯರ್ಡ್ ಐಎಲ್‌ಎಸ್ ರನ್‌ವೇ ತ್ರೀ ಝೀರೋ ಅಪ್ರೋಚ್.’ ಕೇಳಲು ಉದ್ದ. ಆದರೆ ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಬರುತ್ತದೆ: ಎಲ್ಲಿದ್ದೀರಿ, ಎತ್ತ ತಿರುಗಬೇಕು, ಯಾವ ಎತ್ತರ, ಯಾವ ಅಪ್ರೋಚ್. ಕಾಗದದಲ್ಲಿ ಮೊದಲೇ ಜಾಗ ಬಿಟ್ಟುಕೊಂಡರೆ ಹೆಡಿಂಗ್ ಮತ್ತು ಎತ್ತರ ಎರಡು ಅಂಕಿ ಮಾತ್ರ ಬರೆಯಬೇಕು. ರೀಡ್‌ಬ್ಯಾಕ್‌ನಲ್ಲಿ ಹೆಡಿಂಗ್, ಎತ್ತರ, ಅಪ್ರೋಚ್, ಕಾಲ್ ಸೈನ್ ಇದ್ದರೆ ಆಯಿತು. ಮೊದಲು ವಿಮಾನ ತಿರುಗಿಸಿ, ಆಮೇಲೆ ಉತ್ತರ ಕೊಡಿ.

ಕ್ಲಿಯರೆನ್ಸ್ ಬಂದಿಲ್ಲ, ಲೋಕಲೈಜರ್ (ರನ್‌ವೇಯ ನೇರ ತೋರಿಸುವ ರೇಡಿಯೋ ಸಂಕೇತ) ಸೂಜಿ ನಡುವಿಗೆ ಬರುತ್ತಿದೆ, ಆಗ ಏನು? ನಿಮ್ಮಷ್ಟಕ್ಕೆ ಒಳಗೆ ತಿರುಗಬೇಡಿ. ಕೊಟ್ಟ ಹೆಡಿಂಗಿನಲ್ಲೇ ಇದ್ದು ಕೇಳಿ: ‘ಅಪ್ರೋಚಿಂಗ್ ದ ಲೋಕಲೈಜರ್, ವೆರಿಫೈ ಹೆಡಿಂಗ್.’ ಕೆಲವೊಮ್ಮೆ ಬೇಕೆಂದೇ ದಾಟಿಸುತ್ತಾರೆ, ಕೆಲವೊಮ್ಮೆ ಅವರ ಗಮನ ಬೇರೆ ಕಡೆ ಇರುತ್ತದೆ. ಎರಡಕ್ಕೂ ನಿಮ್ಮ ಒಂದು ಪ್ರಶ್ನೆ ಸಾಕು. ಮತ್ತೆ, ಅಪ್ರೋಚ್‌ಗೆ ಕ್ಲಿಯರ್ ಮಾಡಿದರೆ ಇಳಿಯಲು ಕ್ಲಿಯರ್ ಮಾಡಿದ ಹಾಗಲ್ಲ. ಟವರ್ ಇರುವಲ್ಲಿ ಇಳಿಯುವ ಅನುಮತಿ ಟವರ್‌ನಿಂದ ಬೇರೆಯೇ ಬರಬೇಕು. ಕೊನೆಯ ಫಿಕ್ಸ್ ರನ್‌ವೇಯಿಂದ 5 ಮೈಲಿ ದೂರ ಇದ್ದರೆ 90 ನಾಟ್‌ನಲ್ಲಿ ನಿಮಗೆ ಸಿಗುವುದು 3 ನಿಮಿಷ 20 ಸೆಕೆಂಡ್. ಟವರ್ ಫ್ರೀಕ್ವೆನ್ಸಿಯನ್ನು ಮೊದಲೇ ಸ್ಟ್ಯಾಂಡ್‌ಬೈಗೆ ಹಾಕಿಡಿ.

ನನಗೆ ತುಂಬ ಮುಖ್ಯ ಅನಿಸುವುದು ಮಿಸ್ಡ್ ಅಪ್ರೋಚ್, ಅಂದರೆ ಇಳಿಯದೆ ಮತ್ತೆ ಮೇಲೇರುವುದು. ವಿಎಫ್‌ಆರ್ ಪ್ರಾಕ್ಟೀಸ್‌ನಲ್ಲಿ ಚಾರ್ಟಿನಲ್ಲಿ ಬರೆದ ಮಿಸ್ಡ್ ಅಪ್ರೋಚ್ ಮಾಡಲು ನಿಮಗೆ ತಾನಾಗಿ ಅನುಮತಿ ಇರುವುದಿಲ್ಲ. ಬೇಕು ಅಂತ ಬಾಯಿಬಿಟ್ಟು ಕೇಳಬೇಕು, ಅವರು ಒಪ್ಪಬೇಕು. ಇಲ್ಲದಿದ್ದರೆ ಏರುವಾಗ ಪಾಲಿಸಲು ಬೇರೆ ಹೆಡಿಂಗ್, ಬೇರೆ ಎತ್ತರ ಕೊಡುತ್ತಾರೆ. ಅದನ್ನು ದೊಡ್ಡದಾಗಿ ಬರೆದು ಕಣ್ಣಿಗೆ ಬೀಳುವಲ್ಲಿ ಇಡಿ. 200 ಅಡಿಯಲ್ಲಿ ಪವರ್ ಕೊಟ್ಟು ಮೂಗು ಎತ್ತುವಾಗ ‘ಯಾವ ಹೆಡಿಂಗ್ ಅಂದಿದ್ದರು?’ ಅಂತ ಯೋಚಿಸಬಾರದು. ಇನ್ನೂ ಗೊತ್ತಾಗಿಲ್ಲದಿದ್ದರೆ ಕೊನೆಯ ಫಿಕ್ಸ್ ದಾಟುವ ಮೊದಲೇ ಕೇಳಿ. ಮತ್ತೆ, ಇಳಿಯುವುದು ಅಸುರಕ್ಷಿತ ಅನಿಸಿದರೆ ಏರಲು ಯಾರ ಅನುಮತಿಯೂ ಬೇಡ. ಮೊದಲು ಏರಿ, ವಿಮಾನ ಹಿಡಿತಕ್ಕೆ ಬಂದ ಮೇಲೆ ಹೇಳಿ.

ಇದನ್ನು ಕಾಸರಗೋಡಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನ ಗುಡ್ಡದ ರನ್‌ವೇ ದಾಟಿ ಕೆಳಗೆ ಬಿತ್ತು. 158 ಮಂದಿ ಹೋದರು, 8 ಮಂದಿ ಉಳಿದರು. ನಮ್ಮ ಜಿಲ್ಲೆಯ ಹಲವರು ಅದರಲ್ಲಿದ್ದರು. ಅಪ್ರೋಚ್ ಸರಿಯಾಗಿರಲಿಲ್ಲ, ಗೋ ಅರೌಂಡ್ ಮಾಡೋಣ (ಇಳಿಯದೆ ಮೇಲೇರೋಣ) ಅಂತ ಕೋ ಪೈಲಟ್ ಮೂರು ಸಲ ಹೇಳಿದರೂ ಇಳಿಯುವುದನ್ನು ಮುಂದುವರಿಸಲಾಯಿತು ಅಂತ ತನಿಖೆ ಹೇಳಿತು. ಹೀಗಾಗಿ ಮಿಸ್ಡ್ ಅಪ್ರೋಚ್ ಅಂದರೆ ಅಪ್ರೋಚ್ ಕೆಟ್ಟಿತು ಅಂತ ಮುಖ ಸಣ್ಣ ಮಾಡಿಕೊಳ್ಳುವವರನ್ನು ಕಂಡರೆ ನನಗೆ ನೋವಾಗುತ್ತದೆ. ಕೈಗೂ ಬಾಯಿಗೂ ಅದು ಅಭ್ಯಾಸ ಆಗಲಿ ಅಂತಲೇ ಈ ಪ್ರಾಕ್ಟೀಸ್. ಕೇಳಿದ್ದರಲ್ಲಿ ಅರ್ಧವಾದರೂ ಮಿಸ್ಡ್ ಅಪ್ರೋಚ್‌ನಲ್ಲಿ ಮುಗಿಯಲಿ.

ಉಚ್ಚಾರದ ವಿಷಯ. ಮನೆಯಲ್ಲಿ ಕನ್ನಡವೋ ತುಳುವೋ, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಇಂಗ್ಲಿಷ್ ಅಂತ ಬೆಳೆದವರು ನಾವು. ಹೊಸ ಮಾತಿನ ರೀತಿ ಹಿಡಿಯುವುದು ನಮಗೆ ಕಷ್ಟ ಅಲ್ಲ. ರೇಡಿಯೋದಲ್ಲಿ ಬೇಕಾದದ್ದು ಅಮೆರಿಕದ ಉಚ್ಚಾರ ಅಲ್ಲ, ನಿಧಾನ ಮತ್ತು ಕ್ರಮ. ನನ್ನ ತಂಗಿಯ ಮಗ ಅರಿಜೋನಾದಲ್ಲಿ ಕಲಿಯುತ್ತಿದ್ದಾನೆ. ಅಲ್ಲಿ ಬೆಳಿಗ್ಗೆ 7 ಗಂಟೆ ಅಂದರೆ ನಮಗೆ ರಾತ್ರಿ 7.30. ‘ಮಾವ, ಇವತ್ತು ಕಂಟ್ರೋಲರ್ ಆಗ್ತೀರಾ?’ ಅಂತ ವಾಟ್ಸಾಪ್‌ನಲ್ಲಿ ಕರೆಯುತ್ತಾನೆ. ಅವನ ಎದುರು ಚಾರ್ಟ್, ನನ್ನ ಎದುರೂ ಅದೇ ಚಾರ್ಟ್. ನಾನು ಜಗಲಿಯಲ್ಲಿ ಕೂತು ವೆಕ್ಟರ್ ಕೊಡುತ್ತೇನೆ. ಬೇಕೆಂದೇ ಹೆಡಿಂಗ್ ಬದಲಿಸುತ್ತೇನೆ, ನಡುವೆ ಟ್ರಾಫಿಕ್ ಹೇಳುತ್ತೇನೆ, ಒಮ್ಮೊಮ್ಮೆ ಲೋಕಲೈಜರ್ ದಾಟಿಸಿ ಸುಮ್ಮನಿರುತ್ತೇನೆ. ಅವನು ಕೇಳಬೇಕು. ಮೊದಮೊದಲು ‘ಸಾರಿ, ಸಾರಿ’ ಅನ್ನುತ್ತಿದ್ದ. ಈಗ ‘ಸೇ ಅಗೇನ್ ಹೆಡಿಂಗ್’ ಅನ್ನುತ್ತಾನೆ. ಯಾವುದು ತಪ್ಪಿತೋ ಅದನ್ನು ಮಾತ್ರ ಕೇಳುವುದು ಒಳ್ಳೆಯ ಅಭ್ಯಾಸ. ನಿಮಗೂ ಹೀಗೆ ಯಾರಾದರೂ ಸಿಕ್ಕಿದರೆ ಒಳ್ಳೆಯದು. ಇಲ್ಲದಿದ್ದರೆ ಏರ್ ಟ್ರಾಫಿಕ್ ಕಂಟ್ರೋಲ್ (ಎಟಿಸಿ) ಮಾತು ಕೇಳಿಸುವ ಲೈವ್‌ಎಟಿಸಿ ವೆಬ್‌ಸೈಟಿನಲ್ಲಿ ನಿಮ್ಮ ಅಪ್ರೋಚ್ ಫ್ರೀಕ್ವೆನ್ಸಿ ಸಿಗುತ್ತಾ ನೋಡಿ. ಬೇರೆಯವರಿಗೆ ಬಂದ ಕ್ಲಿಯರೆನ್ಸನ್ನು ನೀವು ಬರೆದುಕೊಂಡು ಗಟ್ಟಿಯಾಗಿ ರೀಡ್‌ಬ್ಯಾಕ್ ಮಾಡಿ.

ಕೆಲಸ ಜಾಸ್ತಿ ಇದ್ದಾಗ ಪ್ರಾಕ್ಟೀಸ್ ಆಗುವುದಿಲ್ಲ ಅನ್ನುತ್ತಾರೆ. ಬೇಸರ ಬೇಡ, ಬೇರೆ ಹೊತ್ತಿನಲ್ಲಿ ಹೋಗಿ, ಇಲ್ಲವೇ ಟವರ್ ಇಲ್ಲದ ಕಡೆ ಹೋಗಿ. ಅಲ್ಲಿ ಫ್ರೀಕ್ವೆನ್ಸಿ ಬದಲಿಸಿದ ಮೇಲೆ ಫಿಕ್ಸ್ ಹೆಸರು ಹೇಳಬೇಡಿ. ಸುತ್ತ ಹಾರಿಸುವ ವಿಎಫ್‌ಆರ್ ಪೈಲಟ್‌ಗೆ ಆ ಹೆಸರು ಗೊತ್ತಿರಲಿಕ್ಕಿಲ್ಲ. ‘ಫೈವ್ ಮೈಲ್ ಫೈನಲ್’ (ರನ್‌ವೇಯ ನೇರಕ್ಕೆ, 5 ಮೈಲಿ ದೂರ) ಅಂದರೆ ಎಲ್ಲರಿಗೂ ತಿಳಿಯುತ್ತದೆ. ನೇರವಾಗಿ ಬರುತ್ತಿದ್ದೇನೆ ಅಂತ ಪ್ಯಾಟರ್ನ್‌ನಲ್ಲಿ (ಇಳಿಯಲು ರನ್‌ವೇ ಸುತ್ತ ಬರುವ ದಾರಿಯಲ್ಲಿ) ಇರುವವರು ನಿಮಗೆ ದಾರಿ ಬಿಡಬೇಕಾಗಿಲ್ಲ.

ಊರಿಗೆ ಬಂದ ಮೇಲೆ? ಕ್ರಮ ಅದೇ, ಸುತ್ತಲಿನ ವ್ಯವಸ್ಥೆ ಬೇರೆ ಮಾರಾಯ್ರೆ. ಅಮೆರಿಕದ ಹಾಗೆ ಮನಸ್ಸಾದಾಗ ಎದ್ದು ಹೋಗಿ ಆಕಾಶದಿಂದಲೇ ಕೇಳುವುದು ಇಲ್ಲಿ ನಡೆಯುವುದಿಲ್ಲ. ಫ್ಲೈಟ್ ಪ್ಲಾನ್ ಹಾಕಿ ಎಡಿಸಿ ನಂಬರ್, ಅಂದರೆ ವಾಯು ರಕ್ಷಣೆಯ ಕ್ಲಿಯರೆನ್ಸ್, ಮತ್ತು ಎಫ್‌ಐಸಿ, ಅಂದರೆ ಫ್ಲೈಟ್ ಇನ್ಫರ್ಮೇಷನ್ ಸೆಂಟರ್, ಕೊಡುವ ನಂಬರ್ ತೆಗೆದುಕೊಳ್ಳಬೇಕು. ವಿಎಫ್‌ಆರ್ ಹಾರಾಟವನ್ನು ಸೂರ್ಯಾಸ್ತವಾಗಿ 20 ನಿಮಿಷದೊಳಗೆ ಮುಗಿಸಬೇಕು, ಎಟಿಸಿ ವಿಶೇಷ ಅನುಮತಿ ಕೊಟ್ಟರೆ ಬೇರೆ ಮಾತು. ಮಂಗಳೂರೋ ಕಣ್ಣೂರೋ, ಅಲ್ಲಿ ಬರುವುದು ಹೆಚ್ಚಾಗಿ ಜೆಟ್‌ಗಳು. ಅವುಗಳ ನಡುವೆ ಸಣ್ಣ ಸೆಸ್ನಾ ವಿಮಾನಕ್ಕೆ ಜಾಗ ಬೇಕಾದರೆ ಮೊದಲೇ ಟವರ್‌ಗೆ ಫೋನ್ ಮಾಡಿ ಏನು ಮಾಡಬೇಕೆಂದಿದ್ದೀರಿ, ಹೇಗೆ ಮುಗಿಸುತ್ತೀರಿ ಅಂತ ಹೇಳಿಡಿ. ಗಾಳಿಯ ಒತ್ತಡವನ್ನು ಇಲ್ಲಿ ಇಂಚಿನಲ್ಲಿ ಕೊಡುವುದಿಲ್ಲ, ಹೆಕ್ಟೊಪಾಸ್ಕಲ್‌ನಲ್ಲಿ ಕೊಡುತ್ತಾರೆ. ಅಲ್ಲಿ 29.92 ಅಂದದ್ದು ಇಲ್ಲಿ 1013. ಫ್ರೀಕ್ವೆನ್ಸಿ ಹೇಳುವಾಗ ‘ಪಾಯಿಂಟ್’ ಅಲ್ಲ, ‘ಡೆಸಿಮಲ್’. ರೇಡಿಯೋ ಪರೀಕ್ಷೆಯನ್ನೂ ಇಲ್ಲಿ ಬೇರೆಯೇ ಬರೆಯಬೇಕು, ಹಾಗಾಗಿ ಅಲ್ಲಿ ಇರುವಾಗಲೇ ಈ ಪದಗಳನ್ನು ಬಾಯಿಗೆ ರೂಢಿ ಮಾಡಿಕೊಳ್ಳಿ.