ಪ್ರತಿಕ್ರಿಯೆ: ವರ್ಚುವಲ್ ಅಸಿಸ್ಟೆಂಟ್‌ಗೆ ಮೊದಲು ಯಾವ ಕೆಲಸ ಕೊಡಲಿ?

‘ಬೇರೆ ಊರಿಗೆ ಹೋಗುವವರಿಗೆ ಮನೆ ಹುಡುಕಿಕೊಡುವ ಏಜೆಂಟ್ ನಾನು, ವರ್ಚುವಲ್ ಅಸಿಸ್ಟೆಂಟ್‌ಗೆ, ಅಂದರೆ ದೂರದಿಂದಲೇ ಆನ್‌ಲೈನ್‌ನಲ್ಲಿ ಕೆಲಸ ಮಾಡಿಕೊಡುವ ಸಹಾಯಕರಿಗೆ, ಮೊದಲು ಏನು ಒಪ್ಪಿಸಲಿ’ ಎಂದು ಕೇಳಿದ್ದೀರಿ. ಕ್ಯಾಲೆಂಡರ್‌ನಿಂದ ಶುರು ಮಾಡಿ. ಮನೆ ನೋಡಲು ಬಂದವರ ಕೈಯಲ್ಲಿ ಇರುವುದೇ ಎರಡು ಮೂರು ದಿನ. ಅಷ್ಟರಲ್ಲಿ ಎಂಟು ಮನೆ ತೋರಿಸಬೇಕು ಅಂದರೆ ಯಾವ ಮನೆ ಮೊದಲು, ಮಾಲೀಕರು ಎಷ್ಟು ಗಂಟೆಗೆ ಸಿಗುತ್ತಾರೆ, ಬೀಗದ ಕೈ ಯಾರ ಹತ್ತಿರ, ಎಲ್ಲ ಒಂದೇ ಹಾಳೆಯಲ್ಲಿ ಇರಬೇಕು. ಇದನ್ನು ಅಸಿಸ್ಟೆಂಟ್ ಕೂತಲ್ಲೇ ಮಾಡಬಹುದು.

ನನ್ನ ಅಸಿಸ್ಟೆಂಟ್ ಒಮ್ಮೆ ಟೈಮ್ ಝೋನ್ ಮರೆತು ಗ್ರಾಹಕರಿಗೆ ರಾತ್ರಿ ಮೂರಕ್ಕೆ ವಿಡಿಯೋ ಕಾಲ್ ಇಟ್ಟಿದ್ದರು! ಆಮೇಲಿಂದ ಪ್ರತಿ ಮೆಸೇಜಿನಲ್ಲೂ ಎರಡೂ ಕಡೆಯ ಸಮಯ ಬರೆಸುತ್ತೇನೆ.

ಬೆಲೆ ಮಾತುಕತೆ ಮಾತ್ರ ನೀವೇ ಮಾಡಿ. ಹಲವು ಕಡೆ ಅದಕ್ಕೆ ಲೈಸೆನ್ಸ್ ಬೇಕು, ಅಲ್ವಾ? ಪಾಸ್‌ವರ್ಡನ್ನು ಸುಮ್ನೆ ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಅಸಿಸ್ಟೆಂಟ್‌ಗೆ ಬೇರೆ ಲಾಗಿನ್ ಮಾಡಿಕೊಡಿ.