ಪೆಟ್ರೋಲ್ ಹಾಕಿಸಿದ ಕೂಡಲೇ ಸ್ಟಾರ್ಟ್ ಆಗದ ಕಾರು

ಪ್ರಶ್ನೆ: ಟ್ಯಾಂಕ್ ಫುಲ್ ಮಾಡಿಸಿ ಬಂಕಿನಾಗೇ ಚಾವಿ ತಿರುವಿದ್ರ ಗಾಡಿ ಲಗೂನ ಸುರು ಆಗಂಗಿಲ್ಲ. ಆಕ್ಸಿಲರೇಟರ್ ಒತ್ತಿ ಹಿಡದ್ರ ಆಗತದ. ಉಳಿದ ಹೊತ್ತಿನಾಗ ಏನೂ ತಕರಾರಿಲ್ಲ. ಗ್ಯಾರೇಜಿನವರು ಫ್ಯೂಯಲ್ ಪಂಪ್ ಬದಲಿ ಮಾಡ್ಬೇಕು ಅಂತಾರ. ಏನು ಮಾಡ್ಲಿ?
– ಓದುಗರು, ಕಲಬುರಗಿ

ಉತ್ತರ: ಪಂಪಿಗೆ ಈಗಲೇ ದುಡ್ಡು ಸುರಿಯಬೇಡಿ. ಪಂಪ್ ಕೆಟ್ಟಿದ್ದರೆ ಬೇರೆ ಹೊತ್ತಿನಲ್ಲೂ ಕಾಡುತ್ತಿತ್ತು. ಅನುಮಾನ ಪರ್ಜ್ ವಾಲ್ವ್ ಮೇಲೆ. ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿಯನ್ನು ಕ್ಯಾನಿಸ್ಟರ್ ಎಂಬ ಡಬ್ಬಿಯೊಳಗಿನ ಇದ್ದಿಲು ಹಿಡಿದಿಡುತ್ತದೆ. ಎಂಜಿನ್ ಬಿಸಿಯಾದ ಮೇಲೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಈ ವಾಲ್ವ್ ತೆರೆದು ಆವಿಯನ್ನು ಮ್ಯಾನಿಫೋಲ್ಡಿಗೆ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಬಿಡುತ್ತದೆ. ವಾಲ್ವ್ ಮುಚ್ಚದೆ ಉಳಿದರೆ ಆ ಆವಿಯೆಲ್ಲ ಸ್ಟಾರ್ಟ್ ಮಾಡುವಾಗಲೇ ನುಗ್ಗಿ, ಗಾಳಿಗಿಂತ ಪೆಟ್ರೋಲ್ ಹೆಚ್ಚಾಗಿ ಎಂಜಿನ್ ಹತ್ತುವುದಿಲ್ಲ. ಆಕ್ಸಿಲರೇಟರ್ ಒತ್ತಿದರೆ ಗಾಳಿ ಹೆಚ್ಚಿ ಹತ್ತುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಆವಿ ಇನ್ನೂ ಹೆಚ್ಚು.

ಪರೀಕ್ಷೆ ಸುಲಭ. ಬಯಲಿನಲ್ಲಿ ನಿಲ್ಲಿಸಿ, ಬೀಡಿ-ಬೆಂಕಿ ಹತ್ತಿರ ಬೇಡ. ಮ್ಯಾನಿಫೋಲ್ಡ್ ಬಳಿ ಎರಡು ಹೋಸ್, ಎರಡು ಪಿನ್ನಿನ ಕನೆಕ್ಟರ್ ಇರುವ ಚಿಕ್ಕ ವಾಲ್ವ್ ಕಾಣುತ್ತದೆ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಕ್ಯಾನಿಸ್ಟರ್ ಕಡೆಯ ಹೋಸ್ ಬಿಚ್ಚಿ, ವಾಲ್ವಿನ ಬಾಯಿಗೆ ಬೆರಳಿಡಿ. ಎಳೆತ ಇರಬಾರದು. ಇದ್ದರೆ ಕನೆಕ್ಟರ್ ಕಿತ್ತು ನೋಡಿ: ಆಗಲೂ ಎಳೆದರೆ ವಾಲ್ವ್ ಕೆಟ್ಟಿದೆ, ನಿಂತರೆ ದೋಷ ವೈರಿಂಗ್ ಅಥವಾ ಇಸಿಯು ಕಡೆಗಿದೆ. ಎಂಜಿನ್ ಕಾದ ಮೇಲೆ ಟಿಕ್ ಟಿಕ್ ಸದ್ದಿನ ಜೊತೆ ಬಿಟ್ಟು ಬಿಟ್ಟು ಎಳೆಯುವುದು ಸಹಜ, ಅದನ್ನು ದೋಷವೆನ್ನಬೇಡಿ. ಮಲ್ಟಿಮೀಟರಿನಲ್ಲಿ ಸರಿಯಿರುವ ವಾಲ್ವಿನ ಕಾಯಿಲ್ ಸಾಮಾನ್ಯವಾಗಿ 20–30 ಓಮ್ ತೋರಿಸುತ್ತದೆ.

ಹೊಸದು ಹಾಕುವ ಮುನ್ನ ಹಳೆಯ ವಾಲ್ವನ್ನು ಬಿಳಿ ಕಾಗದದ ಮೇಲೆ ತಟ್ಟಿ. ಕರಿ ಹರಳು ಉದುರಿದರೆ ಕ್ಯಾನಿಸ್ಟರ್ ಒಳಗೆ ಒಡೆದು ಇದ್ದಿಲು ಹೊರಬರುತ್ತಿದೆ. ಅದನ್ನೂ ಬದಲಿಸಿ, ನಡುವಿನ ಪೈಪನ್ನು ಎರಡೂ ಕಡೆ ಬಿಚ್ಚಿ ಗಾಳಿ ಹೊಡೆಸಿ. ಇಲ್ಲದಿದ್ದರೆ ಅದೇ ಹರಳು ಹೊಸ ವಾಲ್ವಿಗೂ ಸಿಕ್ಕಿಕೊಳ್ಳುತ್ತದೆ. ಬಿರುಕು ಬಿಟ್ಟ ಹೋಸಿಗೆ ಅದೇ ಒಳಅಳತೆಯ ಪೆಟ್ರೋಲ್ ಹೋಸನ್ನೇ ಹಾಕಿ. ನೀರಿನ ಪೈಪ್ ಪೆಟ್ರೋಲ್ ಆವಿಗೆ ತಾಳುವುದಿಲ್ಲ.

ನಾಝಲ್ ಮೊದಲ ಸಲ ಕಟ್ ಆದಾಗಲೇ ಸಾಕೆನ್ನಿ. ರೌಂಡ್ ಫಿಗರ್ ಮಾಡಲು ಮತ್ತೆ ಹಾಕಿಸಿದರೆ ದ್ರವ ಪೆಟ್ರೋಲೇ ಕ್ಯಾನಿಸ್ಟರಿಗೆ ಇಳಿದು ಇದ್ದಿಲನ್ನು ಕೆಡಿಸುತ್ತದೆ.

ಪ್ರಶ್ನೆ: ಟ್ಯಾಂಕ್ ಅರ್ಧ ಆಗೂದ್ರಾಗ ನಾಝಲ್ ಮತ್ತ ಮತ್ತ ಕಟ್ ಆಗತದ. ಬ್ಯಾರೆ ಬಂಕಿನಾಗೂ ಹಿಂಗ. ಕ್ಯಾಪ್ ತೆಗದ್ರ ಬುಸ್ ಅಂತದ.
– ಓದುಗರು, ಶಹಾಬಾದ

ಉತ್ತರ: ಕ್ಯಾನಿಸ್ಟರಿಗೆ ಗಾಳಿಯಾಡುವ ದಾರಿ ಕಟ್ಟಿದೆ. ಒಳಗಿನ ಗಾಳಿ ಹೊರಹೋಗದೆ ನಾಝಲ್ ನಿಲ್ಲುತ್ತದೆ. ಕಲ್ಲಿನ ಧೂಳಿರುವ ನಿಮ್ಮೂರಲ್ಲಿ ಮೊದಲು ವೆಂಟ್ ಪೈಪಿನ ತುದಿ ನೋಡಿ: ಧೂಳು, ಕೆಸರು, ಕಣಜದ ಗೂಡು ಇರಬಹುದು. ಫಿಲ್ಟರ್ ಇದ್ದರೆ ಬದಲಿಸಿ. ಪೈಪನ್ನು ಕ್ಯಾನಿಸ್ಟರಿನಿಂದ ಬಿಚ್ಚಿದ ಮೇಲಷ್ಟೇ ಗಾಳಿ ಹೊಡೆಸಿ. ಕ್ಯಾನಿಸ್ಟರಿಗೇ ಕಂಪ್ರೆಸರ್ ಹಿಡಿದರೆ ಇದ್ದಿಲು ಕದಡಿ, ಮೇಲಿನ ಉತ್ತರದಲ್ಲಿ ಹೇಳಿದ ತೊಂದರೆಯೂ ಶುರುವಾಗುತ್ತದೆ.